ರೆಪ್ಪೆ ಬಡಿದ ದೆವ್ವ

ನಮ್ಮ ಮನೆಯವರು ಜೀವಮಾನದಲ್ಲಿ ಮಾಡಿದ್ದು ಒಂದೇ ಸಿನಿಮಾ. ಅದು ಮೂರು ದಿನ ಓಡಿತು ಎಂದು ಅವರು ಹೇಳುತ್ತಾರೆ. ನಿಜವಾಗಿ ಓಡಿದ್ದು ಎರಡೇ ದಿನ. ಮೂರನೆಯ ದಿನ ಥಿಯೇಟರಿನವರು ಬಾಗಿಲು ತೆಗೆದದ್ದು ಕಸ ಗುಡಿಸಲಿಕ್ಕೆ. ಸಿನಿಮಾದ ಹೆಸರು ‘ಅಟ್ಟದ ಮೇಲೆ ಯಾರು?’ ದೆವ್ವದ ಕಥೆ. ಊರಲ್ಲಿ ಅಂಟಿಸಿದ್ದ ಪೋಸ್ಟರಿನ ಅಡಿಯಲ್ಲಿ ಯಾವನೋ ಇದ್ದಿಲಿನಿಂದ ‘ಕೆಳಗಂತೂ ಯಾರೂ ಇಲ್ಲ’ ಎಂದು ಬರೆದಿಟ್ಟಿದ್ದ. ಅಕ್ಷರ ನೋಡಿದರೆ ನನ್ನ ತಮ್ಮನದೇ ಇರಬೇಕೆಂದು ನನಗೆ ಇವತ್ತಿಗೂ ಅನುಮಾನವಿದೆ.

ಇದೆಲ್ಲ ಆಗಿ ಮೂವತ್ತನಾಲ್ಕು ವರ್ಷವಾಯಿತು. ಸಿನಿಮಾ ಯಾಕೆ ಮುಳುಗಿತು ಎಂದು ಕೇಳಿದವರಿಗೆಲ್ಲ ಅವರು ಕೊಡುತ್ತಿದ್ದ ಉತ್ತರ ಒಂದೇ. ಕೊನೆಯ ಶಾಟಿನಲ್ಲಿ ದೆವ್ವ ಕಣ್ಣು ಮಿಟುಕಿಸಿಬಿಟ್ಟಿತು, ಅಲ್ಲಿಗೆ ಎಲ್ಲ ಕೆಟ್ಟುಹೋಯಿತು. ಕೇಳದವರಿಗೂ ಇದನ್ನೇ ಹೇಳುತ್ತಿದ್ದರು. ಆ ದೆವ್ವ ನಾನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮನೆಯಲ್ಲಿ ಆ ನೆಲದ ಕೆಲಸವನ್ನು ನಾನು ಮೂವತ್ತನಾಲ್ಕು ವರ್ಷದಿಂದ ಮಾಡಿಕೊಂಡು ಬಂದಿದ್ದೇನೆ.

ನಮ್ಮದು ಫೋಟೊ ಸ್ಟುಡಿಯೊ. ಮುಂದಿನ ಕೋಣೆಯಲ್ಲಿ ಅವರ ಕ್ಯಾಮೆರಾ, ಒಳಗಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು, ಮಧ್ಯೆ ಒಂದು ಪರದೆ, ಮೇಲೆ ಅಟ್ಟ. ಅವರು ತೆಗೆಯುವುದು ಮುಖ್ಯವಾಗಿ ಪಾಸ್‌ಪೋರ್ಟ್ ಫೋಟೊ. ನಾನು ಮಾಡುವುದು ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಝಿಪ್ಪು ಬದಲಿಸುವುದು, ಕಿಟಕಿಯ ಕರ್ಟನ್ನಿಗೆ ಅಂಚು ಹೊಲಿಯುವುದು. ಪರದೆಯ ಆಚೆಯಿಂದ ದಿನವಿಡೀ ನನಗೆ ಕೇಳಿಸುವುದು ನಾಲ್ಕೇ ಮಾತು. ಗದ್ದ ಸ್ವಲ್ಪ ಮೇಲೆ. ಎರಡೂ ಕಿವಿ ಕಾಣಬೇಕು. ಇಲ್ಲಿ ನೋಡಿ. ಕಣ್ಣು ಮಿಟುಕಿಸಬೇಡಿ. ಮದುವೆಯಾಗುವ ಮೊದಲು ನನ್ನನ್ನು ನೋಡಲು ಬಂದಾಗಲೂ ಅವರು ಇದರಲ್ಲಿ ಎರಡನ್ನು ಹೇಳಿದ್ದರು.

ಇಂಥ ಮನುಷ್ಯ ಸಿನಿಮಾ ಮಾಡಿದರೆ ಹೇಗಿರಬೇಡ? ಅದರಲ್ಲಿ ಯಾರೇ ಮಾತಾಡಲಿ, ಮೊದಲು ಕ್ಯಾಮೆರಾಕ್ಕೆ ನೇರವಾಗಿ ನಿಲ್ಲುತ್ತಾರೆ. ಗದ್ದ ಎತ್ತುತ್ತಾರೆ. ಎರಡೂ ಕಿವಿ ತೋರಿಸುತ್ತಾರೆ. ಮಾತು ಮುಗಿದ ಮೇಲೂ ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ರೆಪ್ಪೆ ಬಡಿಯದೆ ನಿಂತಿರುತ್ತಾರೆ. ಮಗ ಸತ್ತ ಸುದ್ದಿ ಕೇಳಿದ ಅಪ್ಪನೂ ಹಾಗೆಯೇ ನಿಲ್ಲುತ್ತಾನೆ. ಒಡವೆ ಕದ್ದು ಓಡುತ್ತಿರುವ ಕಳ್ಳ ನಡುದಾರಿಯಲ್ಲಿ ನಿಂತು, ನಮ್ಮ ಕಡೆ ತಿರುಗಿ, ಕಿವಿ ತೋರಿಸಿ, ಆಮೇಲೆ ಮತ್ತೆ ಓಡುತ್ತಾನೆ. ಅವನಿಗೆ ಆಮೇಲೆ ಪಾಸ್‌ಪೋರ್ಟ್ ಬೇಕಾಗುತ್ತದೇನೋ ಅನ್ನಿಸುತ್ತದೆ.

ಕಾಡಿನ ದೃಶ್ಯಗಳನ್ನು ನಮ್ಮ ಸ್ಟುಡಿಯೊದಲ್ಲಿ ಫೋಟೊಗೆ ಹಿಂದೆ ಕಟ್ಟುವ, ಜಲಪಾತ ಬರೆದ ಪರದೆಯ ಮುಂದೆಯೇ ತೆಗೆದರು. ಅದರ ಮೂಲೆಯಲ್ಲೊಂದು ಹಂಸ ಬರೆದಿತ್ತು. ಅದನ್ನು ಮುಚ್ಚಲು ಒಂದು ಗಿಡದ ಕುಂಡ ಇಟ್ಟಿದ್ದರು. ಕುಂಡ ಸಾಲದೆ ಹಂಸದ ಕತ್ತು ಮೇಲೆ ಇಣುಕುತ್ತದೆ. ದೆವ್ವದ ಪಾತ್ರಕ್ಕೆ ಮೊದಲು ಒಬ್ಬ ನಾಟಕದ ಹುಡುಗಿ ಬಂದಿದ್ದಳು. ದೀಪದ ಮುಂದೆ ಕಣ್ಣು ಬಿಟ್ಟುಕೊಂಡು ನಿಂತು ನಿಂತು ಒಂಬತ್ತನೆಯ ದಿನ ಕಣ್ಣು ಕೆಂಡದುಂಡೆಯಾಗಿ ಮನೆಗೆ ಹೋದವಳು ಮತ್ತೆ ಬರಲಿಲ್ಲ. ಆಮೇಲೆ ನನ್ನ ತಮ್ಮನಿಗೆ ಮುಸುಕು ಹಾಕಿ ನಿಲ್ಲಿಸಿದರು. ಅವನು ಆ ಹುಡುಗಿಗಿಂತ ಒಂದೂವರೆ ಗೇಣು ಎತ್ತರ. ಮೀಸೆ ಬೋಳಿಸಲು ಒಪ್ಪಲಿಲ್ಲ. ಅವನೂ ಕೈಕೊಟ್ಟ ಮೇಲೆ ಉಳಿದವಳು ನಾನು. ಬಿಳಿ ಬಟ್ಟೆ ಸಾಲದೆ ಎಡಗೈಯ ತೋಳನ್ನು ಮಿಕ್ಕಿದ್ದ ಹೂವಿನ ಕರ್ಟನ್ ಬಟ್ಟೆಯಲ್ಲಿ ಹೊಲಿದಿದ್ದೆ. ಕತ್ತಲಲ್ಲಿ ಕಾಣುವುದಿಲ್ಲ ಎಂದಿದ್ದರು. ಚೆನ್ನಾಗಿ ಕಾಣುತ್ತದೆ.

ಸಿನಿಮಾ ಮುಳುಗಿದ ಮೇಲೆ ಅವರು ಸಿನಿಮಾ ಕ್ಯಾಮೆರಾವನ್ನು ಮತ್ತೆ ಮುಟ್ಟಲಿಲ್ಲ. ಇನ್ನೊಂದು ಮಾಡೋಣ ಎನ್ನಲಿಲ್ಲ, ಕುಡಿಯಲಿಲ್ಲ, ಯಾರನ್ನೂ ಬೈಯಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಮಾರನೆಯ ವಾರದಿಂದ ಮತ್ತೆ ಗದ್ದ ಮೇಲೆ, ಕಿವಿ ಕಾಣಬೇಕು ಶುರುವಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವರ ಹೆಗ್ಗಣವನ್ನು ಊರೇ ಹೊಡೆದು ಆಚೆ ಹಾಕಿತ್ತು. ಅದಕ್ಕೆ ಇವರು ಒಂದು ದಿನವೂ ಜೋರಾಗಿ ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಹೀಗಿರುವಾಗ ಆರು ತಿಂಗಳ ಹಿಂದೆ ನಮ್ಮ ಬೀದಿಗೆ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರು ಫೋಟೊ ತೆಗೆಸಲು ಬಂದರು. ಮೂವತ್ತು ದಾಟದ ಗಡ್ಡದ ಯುವಕ. ಸ್ಟೂಲಿನ ಮೇಲೆ ಕೂತರು. ನಮ್ಮವರು ಎಂದಿನಂತೆ, ಇಲ್ಲಿ ನೋಡಿ, ಕಣ್ಣು ಮಿಟುಕಿಸಬೇಡಿ ಎಂದರು. ಡಾಕ್ಟರು ಎದ್ದು ನಿಂತುಬಿಟ್ಟರು. ಅದನ್ನೇ ಇನ್ನೊಂದು ಸಲ ಹೇಳಿ ಎಂದರು. ಸಿನಿಮಾದಲ್ಲಿ ದೆವ್ವ ಬಿಡಿಸುವ ಮಂತ್ರವಾದಿಗೆ ಧ್ವನಿ ಕೊಟ್ಟವರು ನಮ್ಮವರೇ. ಅವನು ದೆವ್ವಕ್ಕೆ ಹೇಳುವುದೂ ಇದೇ ಮಾತು. ಡಾಕ್ಟರು ಸುತ್ತ ನೋಡಿದರು. ಹಿಂದೆ ಜಲಪಾತ, ಮೂಲೆಯಲ್ಲಿ ಹಂಸ. ಅವರು ಆ ಪರದೆಗೆ ಕೈಮುಗಿದದ್ದನ್ನು ನಾನು ಕಣ್ಣಾರೆ ಕಂಡೆ.

ವಿಷಯವೇನೆಂದರೆ, ಮುಚ್ಚಿಹೋಗುತ್ತಿದ್ದ ಯಾವುದೋ ವಿಡಿಯೊ ಅಂಗಡಿಯ ರಾಶಿಯಲ್ಲಿ ಅವರಿಗೆ ಈ ಸಿನಿಮಾದ ಕ್ಯಾಸೆಟ್ಟು ಸಿಕ್ಕಿತ್ತಂತೆ. ಮೊದಲು ಇಬ್ಬರು ನೋಡಿದರು, ಆಮೇಲೆ ಹತ್ತು ಜನ. ಈಗ ಒಂದು ಸಂಘವೇ ಆಗಿದೆಯಂತೆ. ತಿಂಗಳ ಮೊದಲ ಭಾನುವಾರ ಅರವತ್ತು ಜನ ಕೂತು ನೋಡುತ್ತಾರಂತೆ. ನೋಡಿದ್ದನ್ನೇ ನೋಡುತ್ತಾರಂತೆ. ನಿರ್ದೇಶಕರು ಬದುಕಿದ್ದಾರೆಂದೇ ಯಾರಿಗೂ ಗೊತ್ತಿರಲಿಲ್ಲವಂತೆ. ಮುಂದಿನ ಸಲ ಮುಖ್ಯ ಅತಿಥಿಯಾಗಿ ಬರಲೇಬೇಕು ಎಂದು ಹೇಳಿ ಹೋದರು. ಫೋಟೊ ತೆಗೆಸಿಕೊಳ್ಳುವುದನ್ನೇ ಮರೆತಿದ್ದರು.

ನಮ್ಮವರು ಹಗಲು ಹನ್ನೊಂದು ಗಂಟೆಗೆ ಅಂಗಡಿಯ ಬಾಗಿಲು ಎಳೆದು ಒಳಗೆ ಬಂದರು. ಉದ್ದ ಕಡಿಮೆ ಮಾಡಲು ಬಂದಿದ್ದ ಪ್ಯಾಂಟುಗಳ ರಾಶಿಯ ಮೇಲೆ ಕೂತರು.

“ಅರ್ಥ ಆಯ್ತಂತೆ ಕಣೇ,” ಎಂದರು.

“ಯಾರಿಗೆ?”

“ಅರವತ್ತು ಜನಕ್ಕೆ.”

ಎಪ್ಪತ್ತೆರಡು ವರ್ಷದ ಮನುಷ್ಯ, ಮೂವತ್ತನಾಲ್ಕು ವರ್ಷ ಯಾರ ಮುಂದೆಯೂ ಅಳದವರು, ಯಾರದೋ ಪ್ಯಾಂಟಿನಲ್ಲಿ ಮುಖ ಒರೆಸಿಕೊಂಡರು. ನನಗೂ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಆಶ್ಚರ್ಯವೂ ಆಯಿತು.

ಆಮೇಲೆ ಮನೆಯಲ್ಲಿ ಅವರನ್ನು ಹಿಡಿಯುವವರೇ ಇರಲಿಲ್ಲ. ಭಾಷಣ ಬರೆದರು, ಹನ್ನೊಂದು ಪುಟ. ಹಳೆಯ ಕೋಟು ತೆಗೆದು ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡು ಎಂದರು. ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿದರೂ ಹೊಟ್ಟೆಯ ಹತ್ತಿರ ಗುಂಡಿ ಕೂರಲಿಲ್ಲ. ಉಸಿರು ಹಿಡಿದುಕೊಳ್ತೀನಿ ಬಿಡು ಎಂದರು. ಡಾಕ್ಟರು ಸಂಘದವರು ಬರೆದ ಲೇಖನಗಳ ಕಟ್ಟೊಂದನ್ನು ತಂದುಕೊಟ್ಟರು. ದೆವ್ವದ ಎತ್ತರ ಬದಲಾಗುವುದು ಆ ಮನೆಯವರ ಪಾಪ ಬೆಳೆಯುವುದರ ಗುರುತಂತೆ. ಹೂವಿನ ತೋಳು ಅವಳ ಕಳೆದುಹೋದ ಯೌವನವಂತೆ. ಹಂಸವೆಂದರೆ ಆತ್ಮ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಾಲದಲ್ಲೂ ಇರುತ್ತಾರೆ ಅಂದುಕೊಂಡೆ. ನಮ್ಮವರು ಮಾತ್ರ ಒಂದೊಂದು ಸಾಲನ್ನೂ ಓದಿ, ಹೌದು, ಹೌದು, ಇದೇ ನನ್ನ ಮನಸ್ಸಿನಲ್ಲಿ ಇದ್ದದ್ದು ಎಂದು ತಲೆಯಾಡಿಸುತ್ತಿದ್ದರು. ಮೀಸೆಯ ವಿಷಯ ಯಾರೂ ಬರೆದಿರಲಿಲ್ಲ.

ಮೊದಲ ಭಾನುವಾರಕ್ಕೆ ನಾಲ್ಕು ದಿನ ಇದೆ ಎನ್ನುವಾಗ ನನ್ನ ದವಡೆಯ ಹಲ್ಲು ನೋಯತೊಡಗಿತು. ಅದೇ ಡಾಕ್ಟರ ಹತ್ತಿರ ಹೋದೆ. ಕುರ್ಚಿಯಲ್ಲಿ ಮಲಗಿಸಿ, ಬಾಯಿ ಅಗಲ ತೆರೆಸಿ, ಹತ್ತಿ ತುರುಕಿ, ನೀರೆಳೆಯುವ ನಳಿಗೆ ಸಿಕ್ಕಿಸಿದರು. ಆಮೇಲೆ ಪ್ರೀತಿ ಉಕ್ಕಿ ಮಾತು ಶುರುಮಾಡಿದರು. ದೆವ್ವದ ಪಾತ್ರ ಮಾಡಿದ ಕೈಯನ್ನು ಮುಟ್ಟುತ್ತೇನೆಂದು ಕನಸಲ್ಲೂ ಎಣಿಸಿರಲಿಲ್ಲ ಎಂದರು. ಮುಟ್ಟಿದ್ದು ಹಲ್ಲನ್ನು, ಆ ಮಾತು ಬೇರೆ. ನಮ್ಮ ಪ್ರದರ್ಶನ ಹೇಗಿರುತ್ತದೆ ನೋಡಿ ಎಂದು ಮೊಬೈಲನ್ನು ನನ್ನ ಮುಖದ ಮೇಲೆ ಹಿಡಿದರು.

ನೋಡಿದೆ. ಕತ್ತಲು ಕವಿದ ಸಭಾಂಗಣ. ತೆರೆಯ ಮೇಲೆ ಮಗ ಸತ್ತ ಅಪ್ಪ ಗದ್ದ ಎತ್ತುತ್ತಿದ್ದಾನೆ. ಹಾಲಿನಲ್ಲಿ ಕೂತವರೆಲ್ಲ ಒಟ್ಟಿಗೆ ಗದ್ದ ಎತ್ತಿ, ಕಿವಿಯ ಹಿಂದಕ್ಕೆ ಕೂದಲು ಸರಿಸಿ, ಒಂದು, ಎರಡು, ಮೂರು ಎಂದು ಕೂಗಿ ಬಿದ್ದು ಬಿದ್ದು ನಗುತ್ತಿದ್ದಾರೆ. ಹಂಸ ಬಂದಾಗ ಎದ್ದು ನಿಂತು ಚಪ್ಪಾಳೆ. ಎತ್ತರದ ದೆವ್ವ ಬಂದಾಗ ಒಬ್ಬ ಇನ್ನೊಬ್ಬನ ಹೆಗಲೇರಿದ. ಒಬ್ಬ ಹೆಂಗಸಂತೂ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಕೆಳಗೆ ಜಾರುತ್ತಿದ್ದಳು. ಬಾಯಲ್ಲಿ ಹತ್ತಿ, ನಳಿಗೆ, ಡಾಕ್ಟರ ಎರಡು ಬೆರಳು. ಬಿಸಿ ತುಪ್ಪ ಎಂದರೆ ಇದೇ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಉಗುಳಲು ಬಿಟ್ಟ ಕೂಡಲೇ ಕೇಳಿಕೊಂಡೆ. ನಮ್ಮವರ ಮುಂದೆ ಹೀಗೆ ನಗಬೇಡಿ ಎಂದೆ. ಡಾಕ್ಟರು ನಿಜವಾಗಿಯೂ ಗಾಬರಿಯಾದರು. ಪಾಪ, ಕೆಟ್ಟ ಮನುಷ್ಯನಲ್ಲ.

“ಅಮ್ಮಾ, ನಾವು ನಗೋದು ಪ್ರೀತಿಯಿಂದ,” ಎಂದರು.

“ನೀವು ಪ್ರೀತಿಯಿಂದ ಹಲ್ಲು ಕಿತ್ರೂ ನೋವು ನೋವೇ ಅಲ್ವಾಪ್ಪಾ,” ಎಂದೆ.

ಅವರು ಕೈಗವಸು ಬಿಚ್ಚಿಟ್ಟರು. ಸದಸ್ಯರಿಗೆಲ್ಲ ಹೇಳಿನೋಡುತ್ತೇನೆ, ಆದರೆ ಹಂಸ ಬಂದಾಗ ಯಾರ ನಗುವೂ ಯಾರ ಕೈಯಲ್ಲೂ ಇರುವುದಿಲ್ಲ ಎಂದರು. ಅದು ನಿಜ. ಶೂಟಿಂಗಿನಲ್ಲಿ ನಾನೇ ಮುಸುಕಿನೊಳಗೆ ನಕ್ಕಿದ್ದೆ.

ಮನೆಗೆ ಬಂದು, ಹೋಗುವುದು ಬೇಡವೆನ್ನಲು ಬಾಯಿ ತೆರೆದೆ. ಅವರು ಕನ್ನಡಿಯ ಮುಂದೆ ಕೋಟು ಹಾಕಿಕೊಂಡು, ಉಸಿರು ಹಿಡಿದು, ಭಾಷಣದ ಆರನೆಯ ಪುಟ ಓದುತ್ತಿದ್ದರು. ‘ಭಯವೆಂಬುದು ನಮ್ಮೊಳಗಿನ ಅಟ್ಟ’ ಎಂದೇನೋ ಇತ್ತು. ಉಸಿರು ಸಾಲದೆ ವಾಕ್ಯದ ಮಧ್ಯೆ ಗುಂಡಿ ಬಿಚ್ಚಿಕೊಂಡರು. ಅರವತ್ತು ಜನ ನಗುವುದಕ್ಕೆ ಸೇರುತ್ತಾರೆ ಎಂದು ಈ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳಲಿ? ಬಾಯಿ ಮುಚ್ಚಿಕೊಂಡು ಗುಂಡಿಯನ್ನು ಅರ್ಧ ಇಂಚು ಆಚೆಗೆ ಹೊಲಿದುಕೊಟ್ಟೆ.

ಆಗ ಹೊಳೆದದ್ದು ಕಿವಿಯ ಮೆಷಿನ್ನು. ಅವರಿಗೆ ಐದು ವರ್ಷದಿಂದ ಕಿವಿ ಮಂದ. ಮೆಷಿನ್ನು ಇಲ್ಲದಿದ್ದರೆ ಕಿವಿಯ ಬುಡದಲ್ಲಿ ಕೂತು ಹೇಳಿದ್ದು ಮಾತ್ರ ಕೇಳಿಸುತ್ತದೆ. ಅದಕ್ಕೊಂದು ಬ್ಯಾಟರಿ, ಅಂಗಿಯ ಗುಂಡಿಗಿಂತ ಚಿಕ್ಕದು. ಭಾನುವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಅದನ್ನು ತೆಗೆದು, ಸತ್ತುಹೋದ ಹಳೆಯ ಬ್ಯಾಟರಿಯೊಂದನ್ನು ಕೂರಿಸಿದೆ. ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕೈ ನನ್ನದು. ಹೊರಟಾಗ ಅವರು ಕಿವಿ ತಟ್ಟಿಕೊಂಡು, ಮೆಷಿನ್ನು ಕೂತುಬಿಟ್ಟಿದೆಯಲ್ಲ ಎಂದರು. ಈಗ ಮೆಷಿನ್ನಿನ ಅಂಗಡಿ ತೆಗೆದಿರುವುದಿಲ್ಲ, ಯಾರು ಏನು ಹೇಳಿದರೂ ನಾನು ಕಿವಿಯಲ್ಲಿ ಹೇಳುತ್ತೇನೆ ಎಂದು ಅವರ ಕಿವಿಗೆ ಬಗ್ಗಿ ಹೇಳಿದೆ. ನನ್ನ ಮುಖವನ್ನು ಒಂದು ಕ್ಷಣ ನೋಡಿ, ಸರಿ ಎಂದರು.

ಪ್ರದರ್ಶನ ಇದ್ದದ್ದು ಲೈಬ್ರರಿಯ ನೆಲಮಾಳಿಗೆಯ ಹಾಲಿನಲ್ಲಿ, ಬೆಳಗಿನ ಹತ್ತೂವರೆಗೆ. ಒಳಗೆ ಕಾಲಿಟ್ಟರೆ ಇಪ್ಪತ್ತು ಜನ ನನ್ನ ಬಟ್ಟೆ ಹಾಕಿಕೊಂಡು ನಿಂತಿದ್ದಾರೆ! ಬಿಳಿ ನಿಲುವಂಗಿ, ಎಡಗೈಗೆ ಹೂವಿನ ತೋಳು. ಗಂಡಸರೂ ಹಾಕಿಕೊಂಡಿದ್ದರು. ಹೊಲಿಗೆ ಮಾತ್ರ ದರಿದ್ರವಾಗಿತ್ತು, ಒಬ್ಬರದಕ್ಕೂ ಕಂಕುಳಲ್ಲಿ ಬಟ್ಟೆ ಬಿಟ್ಟಿರಲಿಲ್ಲ. ನಮ್ಮವರು ಅದನ್ನೆಲ್ಲ ನೋಡಿ ನನ್ನ ಮುಂಗೈ ಹಿಡಿದುಕೊಂಡರು. ರಸ್ತೆ ದಾಟುವಾಗಲೂ ನನ್ನ ಕೈ ಹಿಡಿಯುವವರಲ್ಲ ಅವರು.

ನಮ್ಮನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ದೀಪ ಆರಿತು. ಮೊದಲ ಹತ್ತು ನಿಮಿಷ ಹಾಲು ಉಸಿರು ಬಿಗಿಹಿಡಿದುಕೊಂಡಿತ್ತು. ಡಾಕ್ಟರು ಮಾತು ಉಳಿಸಿಕೊಂಡಿದ್ದರು. ಹಿಂದಿನಿಂದ ಆಗಾಗ ಮೂಗಿನಲ್ಲಿ ಗಾಳಿ ಬಿಟ್ಟ ಸದ್ದು, ಕೆಮ್ಮಿದ ಹಾಗೆ ಮಾಡಿದ ಸದ್ದು. ಆಮೇಲೆ ಹಂಸ ಬಂತು. ಒಬ್ಬ ತಡೆಯಲಾರದೆ ಪುಸಕ್ಕನೆ ನಕ್ಕ. ಅಣೆಕಟ್ಟು ಒಡೆದ ಹಾಗೆ ಅರವತ್ತು ಜನವೂ ನಕ್ಕರು. ನಾನು ಪಕ್ಕಕ್ಕೆ ನೋಡಿದೆ. ಅವರು ಕೋಟಿನ ಒಳಜೇಬಿಗೆ ಕೈಹಾಕಿ ಕರವಸ್ತ್ರ ತೆಗೆದು, ಬಗ್ಗಿಕೊಂಡು ಮುಖ, ಕಿವಿ, ಕತ್ತು ಎಲ್ಲ ಒರೆಸಿಕೊಂಡರು. ಹಾಲಿನಲ್ಲಿ ಸೆಕೆ ಇತ್ತು. ಮತ್ತೆ ನೆಟ್ಟಗೆ ಕೂತು ತೆರೆ ನೋಡತೊಡಗಿದರು. ಸದ್ಯ, ಏನೂ ಕೇಳಿಸಲಿಲ್ಲ ಅಂದುಕೊಂಡೆ.

ಅಲ್ಲಿಂದ ಒಂದೂವರೆ ಗಂಟೆ ನಗುವೋ ನಗು. ಅಪ್ಪ ಗದ್ದ ಎತ್ತಿದಾಗ ಒಂದು, ಎರಡು, ಮೂರು ಎಂದು ಕೂಗಿ ನಕ್ಕರು, ಕಳ್ಳನಿಗೆ ನಕ್ಕರು, ಮುಸುಕಿನೊಳಗಿಂದ ಮೀಸೆ ಹೊರಬಂದಾಗ ಮೇಜು ಬಡಿದು ನಕ್ಕರು. ನನಗೆ ಹೊಟ್ಟೆ ಉರಿಯುತ್ತಿತ್ತು. ಹಿಂದಕ್ಕೆ ತಿರುಗಿ, ನಿಮ್ಮಲ್ಲಿ ಒಬ್ಬರಾದರೂ ಏನನ್ನಾದರೂ ಮಾಡಿದ್ದೀರಾ, ಕೆಟ್ಟದ್ದನ್ನಾದರೂ, ಎಂದು ಕೇಳಬೇಕೆನ್ನಿಸಿತು. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ನೋಡುತ್ತ ನೋಡುತ್ತ ನನಗೂ ಒಂದು ಥರ ಆಗತೊಡಗಿತು. ಯಾರೂ ರೆಪ್ಪೆ ಬಡಿಯದ ಆ ಮನೆ, ಎಲ್ಲರೂ ನಮ್ಮನ್ನೇ ನೋಡುತ್ತ ಯಾವುದಕ್ಕೋ ಕಾದು ನಿಂತಿರುವ ಆ ಮುಖಗಳು. ನಗುತ್ತಿದ್ದವರೂ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು.

ಕೊನೆಯ ಶಾಟು ಬಂತು. ಮನೆಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಾಗಿಲಿಗೆ ಬೀಗ ಹಾಕಿ ಹೋಗುತ್ತಾರೆ. ಯಾರೂ ಮೇಲೆ ನೋಡುವುದಿಲ್ಲ. ಅಟ್ಟದ ಏಣಿಯ ತುದಿಯಲ್ಲಿ ದೆವ್ವ ಕೂತಿದೆ, ಅಂದರೆ ನಾನು, ಮೂವತ್ತೊಂದು ವರ್ಷದವಳು. ಸುಮ್ಮನೆ ನೋಡುತ್ತಿದೆ. ಅಷ್ಟೇ. ಅದೊಂದೂವರೆ ನಿಮಿಷ ಇದೆ. ಮಾತಿಲ್ಲ, ಸಂಗೀತವಿಲ್ಲ. ಹಾಲಿನಲ್ಲಿ ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಫ್ಯಾನಿನ ಸದ್ದು ಕೇಳಿಸತೊಡಗಿತು. ಆಮೇಲೆ ತೆರೆಯ ಮೇಲೆ ಅವಳು ಒಂದು ಸಲ ರೆಪ್ಪೆ ಬಡಿದಳು. ಹಿಂದೆ ಯಾರೋ ಉಸಿರನ್ನು ಒಳಗೆಳೆದುಕೊಂಡರು. ಯಾರೋ ಮೂಗು ಒರೆಸಿಕೊಂಡರು. ತೆರೆ ಕಪ್ಪಾದ ಮೇಲೂ ಒಬ್ಬರೂ ಏಳಲಿಲ್ಲ.

ಆವತ್ತು ನಾನು ಯಾಕೆ ರೆಪ್ಪೆ ಬಡಿದೆ ಎಂದು ಯಾರಿಗೂ ಹೇಳಿಲ್ಲ. ಕ್ಯಾಮೆರಾದಲ್ಲಿ ಒಂದೂವರೆ ನಿಮಿಷದಷ್ಟು ಫಿಲ್ಮು ಮಾತ್ರ ಉಳಿದಿತ್ತು. ಮತ್ತೆ ತೆಗೆಯುವ ಹಾಗಿರಲಿಲ್ಲ. ತೊಂಬತ್ತು ಎಣಿಸುವವರೆಗೆ ಮಿಟುಕಿಸಬೇಡ ಎಂದಿದ್ದರು. ಎಂಬತ್ತರವರೆಗೆ ಎಣಿಸಿದ್ದೆ. ಆಗ ಕ್ಯಾಮೆರಾದ ಪಕ್ಕದಲ್ಲಿ ಅವರ ಮುಖ ಕಂಡಿತು. ಅವರೂ ಗದ್ದ ಎತ್ತಿದ್ದರು. ಅವರೂ ಉಸಿರು ಹಿಡಿದು, ರೆಪ್ಪೆ ಬಡಿಯದೆ, ತುಟಿಯಲ್ಲೇ ಎಣಿಸುತ್ತಿದ್ದರು. ಆ ಮುಖದಲ್ಲಿ ಅಷ್ಟೊಂದು ನಂಬಿಕೆ ಇತ್ತು. ಸಿನಿಮಾ ನೆಟ್ಟಗಾಗುವುದಿಲ್ಲವೆಂದು ನನಗೆ ಹಂಸದ ದಿನವೇ ಗೊತ್ತಾಗಿತ್ತು. ಇವರೊಬ್ಬರಿಗೆ ಗೊತ್ತಿಲ್ಲವಲ್ಲ, ನಾಳೆ ಈ ಮನುಷ್ಯನಿಗೆ ಏನಾಗುತ್ತದೋ ಎಂದು ಕಣ್ಣಲ್ಲಿ ನೀರು ಬಂತು. ಅದು ಕೆಳಗೆ ಇಳಿಯದಿರಲಿ ಎಂದು ರೆಪ್ಪೆ ಬಡಿದೆ. ಇದನ್ನು ಅವರಿಗೆ ಹೇಳುವುದೂ ಒಂದೇ, ನಿಮ್ಮ ಸಿನಿಮಾ ಕೆಟ್ಟದಾಗಿತ್ತು ಎನ್ನುವುದೂ ಒಂದೇ. ಅದಕ್ಕೆ ಬೈಸಿಕೊಂಡು ಸುಮ್ಮನಿದ್ದೆ.

ದೀಪ ಹಾಕಿ ನಮ್ಮಿಬ್ಬರನ್ನೂ ವೇದಿಕೆಗೆ ಕರೆದರು. ಅವರು ಭಾಷಣದ ಹನ್ನೊಂದು ಪುಟವನ್ನು ಜೇಬಿನಿಂದ ತೆಗೆಯಲೇ ಇಲ್ಲ. ಗಾಬರಿಯಲ್ಲಿ ಮರೆತಿರಬೇಕು ಎಂದುಕೊಂಡು ನಾನೂ ನೆನಪಿಸಲಿಲ್ಲ. ಪ್ರಶ್ನೆಗಳು ಶುರುವಾದವು. ಪ್ರಶ್ನೆ ಬಂದದ್ದು ಮೈಕಿನಲ್ಲಿ, ಅವರ ಕಿವಿಗೆ ಹೋದದ್ದು ನನ್ನ ಬಾಯಿಂದ. ವಿಮೆ ಆಫೀಸಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು, ಡಾಕ್ಟರ ಮೊಬೈಲಿನಲ್ಲಿ ಕುರ್ಚಿಯಿಂದ ಜಾರಿದ್ದವಳೇ, ಎದ್ದು ನಿಂತು, ಇದು ಇಷ್ಟು ತಮಾಷೆಯಾಗಿರುತ್ತೆ ಅಂತ ಮಾಡುವಾಗ ಗೊತ್ತಿತ್ತಾ ಎಂದು ಕೇಳಿದಳು. ನಾನು ಅವರ ಕಿವಿಗೆ ಬಗ್ಗಿ, ಜನ ಇಷ್ಟು ಹೆದರ್ತಾರೆ ಅಂತ ನಿಮಗೆ ಗೊತ್ತಿತ್ತಾ ಅಂತ ಕೇಳ್ತಿದಾರೆ ಎಂದೆ. ಅವರು ನನ್ನನ್ನೊಮ್ಮೆ ನೋಡಿದರು. ಆಮೇಲೆ ಗಂಭೀರವಾಗಿ, ಭಯ ನಾವು ಹುಟ್ಟಿಸಿದರೆ ಹುಟ್ಟುವುದಿಲ್ಲ, ತಾನಾಗಿಯೇ ಬರಬೇಕು ಎಂದರು. ಹಾಲು ಹೋ ಎಂದು ನಕ್ಕು ಚಪ್ಪಾಳೆ ತಟ್ಟಿತು. ಇನ್ನೊಬ್ಬ, ದೆವ್ವ ದೊಡ್ಡದಾಗುವುದರ ಅರ್ಥವೇನು ಎಂದ. ಇದನ್ನು ಇದ್ದ ಹಾಗೇ ಹೇಳಿದೆ. ನನ್ನ ಬಾಮೈದ ಆರಡಿ ಇದ್ದಾನೆ ಎಂದು ನಮ್ಮವರು ಉತ್ತರ ಕೊಟ್ಟರು. ಅದರಲ್ಲೂ ಏನೋ ಒಳಾರ್ಥ ಇರಬೇಕೆಂದು ಇಬ್ಬರು ಬರೆದುಕೊಂಡರು.

ಕೊನೆಗೆ ಹಲ್ಲಿನ ಡಾಕ್ಟರೇ ಮೈಕು ತೆಗೆದುಕೊಂಡರು. ಈ ಸಿನಿಮಾವನ್ನು ತಾನು ಲೆಕ್ಕವಿಲ್ಲದಷ್ಟು ಸಲ ನೋಡಿರುವುದಾಗಿ ಹೇಳಿದರು. ಉಳಿದದ್ದನ್ನೆಲ್ಲ ನಗುವುದಕ್ಕೆ ನೋಡುತ್ತೇವೆ, ಒಪ್ಪಿಕೊಳ್ಳುತ್ತೇನೆ ಎಂದರು. ಆದರೆ ನಿಜವಾಗಿ ಬರುವುದು ಆ ಕೊನೆಯ ಒಂದೂವರೆ ನಿಮಿಷಕ್ಕೆ.

“ಆ ಕಣ್ಣು ಮಿಟುಕಿದ ಕೂಡ್ಲೇ, ಮನೆಗೆ ಹೋಗಿ ಯಾರಿಗಾದ್ರೂ ಫೋನ್ ಮಾಡ್ಬೇಕು ಅನ್ಸುತ್ತೆ ಸಾರ್. ಯಾರಿಗೆ ಅಂತ ಗೊತ್ತಾಗಲ್ಲ. ಅದನ್ನ ನೀವು ಮೊದ್ಲೇ ಯೋಚನೆ ಮಾಡಿದ್ರಾ?”

ನಾನು ಕಿವಿಗೆ ಬಗ್ಗಿ, ಒಂದಕ್ಷರ ಬಿಡದೆ ಹೇಳಿದೆ. ಹೇಳುವಾಗ ನನಗೊಂದು ಆಸೆ ಇತ್ತು, ಯಾಕೆ ಮುಚ್ಚಿಡಲಿ. ಮೂವತ್ತನಾಲ್ಕು ವರ್ಷ ನನ್ನ ತಲೆಗೆ ಕಟ್ಟಿದ ತಪ್ಪು. ಈಗ ಅರವತ್ತು ಜನ ಅದಕ್ಕೇ ಬಂದಿದ್ದೇವೆ ಎನ್ನುತ್ತಿದ್ದಾರೆ. ಅದು ಇವಳದು ಎಂದು ಒಂದು ಮಾತು ಹೇಳಲಿ ಎಂದು ಕಾದೆ.

ಅವರು ಕೋಟಿನ ಗುಂಡಿ ಸರಿಮಾಡಿಕೊಂಡರು.

“ಯೋಚನೆ ಮಾಡೇ ಇಟ್ಟಿದ್ದು,” ಎಂದರು. “ಇಡೀ ಸಿನಿಮಾದಲ್ಲಿ ಯಾರೂ ಕಣ್ಣು ಮಿಟುಕಿಸ್ಬಾರ್ದು ಅಂದಿದ್ದೇ ಆ ಒಂದು ಸಲಕ್ಕೋಸ್ಕರ. ಇವಳಿಗೆ ಮೂರು ದಿನ ಅಭ್ಯಾಸ ಮಾಡಿಸಿದ್ದೆ.”

ಇಡೀ ಹಾಲು ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯಿತು. ಮುಳುಗಿದಾಗ ನನ್ನ ತಪ್ಪು, ತೇಲಿದಾಗ ಇವರ ಜಾಣತನ! ಅಷ್ಟರಲ್ಲಿ ಡಾಕ್ಟರು ಮೈಕನ್ನು ನನ್ನ ಕೈಗೆ ಕೊಟ್ಟು, ಅಮ್ಮಾ, ನೀವೂ ಒಂದು ಮಾತು ಹೇಳಿ ಎಂದರು. ಹೇಳಿಯೇಬಿಡುತ್ತೇನೆ ಎಂದು ಅವರ ಕಡೆ ತಿರುಗಿದೆ. ಅವರು ಗದ್ದ ಮೇಲೆತ್ತಿ, ಉಸಿರು ಹಿಡಿದು, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದರು. ಎರಡೂ ಕಿವಿ ಕಾಣುತ್ತಿದ್ದವು. ಅದೇ ಮುಖ, ಕ್ಯಾಮೆರಾದ ಪಕ್ಕದ ಮುಖ.

“ಮೂರು ದಿನ ಅಲ್ಲ,” ಎಂದೆ. “ನಾಲ್ಕು ದಿನ.”

ಸುಳ್ಳು ಹೇಳುವುದೇ ಆದರೆ ಚೌಕಾಸಿ ಯಾಕೆ.

ವಾಪಸ್ಸು ಬರುವಾಗ ಬಸ್ಸು ಖಾಲಿ ಇತ್ತು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮಾತಾಡುವ ಮನಸ್ಸಿರಲಿಲ್ಲ, ಮಾತಾಡಿದರೂ ಇವರಿಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದೆ. ಎರಡು ಸ್ಟಾಪು ಕಳೆದ ಮೇಲೆ ಅವರು ಕೋಟಿನ ಒಳಜೇಬಿನಿಂದ ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟರು. ಅಂಗಿಯ ಗುಂಡಿಗಿಂತ ಚಿಕ್ಕದು. ಸತ್ತ ಬ್ಯಾಟರಿ.

“ಇದು ನಿನ್ನದು,” ಎಂದರು. “ನಾನು ಯಾವಾಗ್ಲೂ ಹೊಸದೊಂದು ಜೇಬಲ್ಲಿ ಇಟ್ಕೊಂಡಿರ್ತೀನಿ.”

ಯಾವಾಗ ಹಾಕಿಕೊಂಡಿರಿ ಎಂದು ಕೇಳಿದೆ.

“ಹಂಸ ಬಂದಾಗ.”

ಅಂದರೆ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಅಪ್ಪನಿಗೆ ನಕ್ಕದ್ದು, 'ಒಂದು, ಎರಡು, ಮೂರು' ಎಂದು ಕೂಗಿದ್ದು, ಮೇಜು ಬಡಿದದ್ದು. ವಿಮೆ ಆಫೀಸಿನವಳು ಕೇಳಿದ್ದೂ ಕೇಳಿಸಿದೆ, ಅದನ್ನು ನಾನು ತಿರುಚಿ ಹೇಳಿದ್ದೂ ಕೇಳಿಸಿದೆ. ಎಲ್ಲ ಕೇಳಿಸಿಕೊಂಡು, ನಾನು ಹೇಳಿದ ಪ್ರಶ್ನೆಗಷ್ಟೇ ಉತ್ತರ ಕೊಟ್ಟಿದ್ದಾರೆ. ನಾನು ಅವರ ಕಿವಿಯ ಮೇಲೆ ಹೂವಿಡುತ್ತಿದ್ದೇನೆ ಅಂದುಕೊಂಡಿದ್ದರೆ ಅವರು ಕಿವಿಯನ್ನು ತಾವಾಗಿಯೇ ಬಗ್ಗಿಸಿ ಕೊಟ್ಟಿದ್ದರು. ಆ ಹನ್ನೊಂದು ಪುಟ ಯಾಕೆ ಓದಲಿಲ್ಲ ಎಂದೆ. ಓದಿದ್ದರೆ ಅದಕ್ಕೂ ನಗುತ್ತಿದ್ದರು ಎಂದರು. ಹೇಳುವಾಗ ಅವರಿಗೂ ಸ್ವಲ್ಪ ನಗು ಬಂತು.

“ಮತ್ತೆ ಅದನ್ನ ಯಾಕೆ ಹಾಗೆ ಹೇಳಿದ್ರಿ?” ಎಂದೆ. “ನನ್ನದು ಅಂತ ಹೇಳ್ಬಹುದಿತ್ತು.”

“ಅದೊಂದಕ್ಕೇ ಕಣೇ ಅವರು ನಗ್ಲಿಲ್ಲ,” ಎಂದರು. “ನಿನ್ನ ತಪ್ಪಿಂದ ಆಗಿದ್ದು ಅಂತ ಹೇಳಿದ್ರೆ, ಅದಕ್ಕೂ ನಗೋಕೆ ಶುರುಮಾಡ್ತಿದ್ರು.”

ಇದು ನಿಜವೋ, ಬಸ್ಸು ಹತ್ತಿದ ಮೇಲೆ ಹೊಳೆದದ್ದೋ ನನಗೆ ಗೊತ್ತಿಲ್ಲ. ನಮ್ಮವರ ವಿಷಯದಲ್ಲಿ ಎರಡೂ ಇರಬಹುದು. ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಮುಂದೆ ಬೇಕಾಗುತ್ತದೆಂದು ಉಳಿಸಿಕೊಂಡೆ. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಅವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, ನನ್ನ ಕಡೆ ನೋಡದೆ ಕೇಳಿದರು.

“ಇಷ್ಟು ವರ್ಷ ಬೈದೆ. ಯಾಕೆ ಮಿಟುಕಿಸಿದೆ ಅಂತ ಒಂದು ದಿನಾನೂ ಕೇಳ್ಲಿಲ್ಲ. ಯಾಕೆ ಮಿಟುಕಿಸಿದೆ?”

ಈಗ ಹೇಳಬಹುದಿತ್ತು. ಹೊಸ ಬ್ಯಾಟರಿ ಇತ್ತು, ಪಿಸುಗುಟ್ಟಿದರೂ ಕೇಳಿಸುತ್ತಿತ್ತು. ಬೆಳಗಿನಿಂದ ಅರವತ್ತು ಜನರ ನಗು ಕೇಳಿಸಿಕೊಂಡು ಕೂತ ಆ ಕಿವಿಯನ್ನು ನೋಡಿದೆ.

“ಧೂಳು ಬಿತ್ತು ರೀ,” ಎಂದೆ.

“ಹೂಂ. ಅಟ್ಟದಲ್ಲಿ ಧೂಳು ಜಾಸ್ತಿ,” ಎಂದರು.

ಬಸ್ಸಿನಲ್ಲಿ ಧೂಳೇನೂ ಇರಲಿಲ್ಲ. ನಮ್ಮ ಸ್ಟಾಪು ಬರುವಷ್ಟರಲ್ಲಿ ಅವರು ಎಷ್ಟು ಸಲ ರೆಪ್ಪೆ ಬಡಿದರೋ ನಾನು ಎಣಿಸಲಿಲ್ಲ.